ಮಳೆಗಾಲ ಕಳೆದ ಮೇಲೆ ದೋಣಿಯ ಎಂಜಿನ್



ಈ ದಿನದ ಭಾಷಣದ ವಿಷಯ ದೋಣಿಯ ಎಂಜಿನ್. ಎರಡು ಮೂರು ತಿಂಗಳು ದಡದ ಮೇಲೆ ಸುಮ್ಮನಿದ್ದ ಎಂಜಿನ್ನು ಮತ್ತೆ ಕೆಲಸಕ್ಕೆ ಕರೆದಾಗ ಏಕೆ ಓಗೊಡುವುದಿಲ್ಲ, ಅದರ ಕಾರಣವನ್ನು ಯಾವ ಕ್ರಮದಿಂದ ಹುಡುಕಬೇಕು, ಸರಿಪಡಿಸಿದ ಬಳಿಕ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿವರಿಸುವುದು ನನ್ನ ಉದ್ದೇಶ. ಕೇಳುವವರಲ್ಲಿ ಬಹುಮಂದಿ ಸಮುದ್ರಕ್ಕೆ ದೂರವಾದ ಪಟ್ಟಣಗಳಲ್ಲಿ ವಾಸಿಸತಕ್ಕವರು, ದೋಣಿಯ ಒಡೆಯರಲ್ಲ. ಆದರೂ ಮನೆಯ ಹಿಂದೆ ಬಹುಕಾಲ ನಿಂತ ಸ್ಕೂಟರು, ಮಳೆ ಬಂದ ಮೇಲೆ ಮೂಲೆ ಸೇರಿದ ತೋಟದ ಪಂಪು, ವಿದ್ಯುತ್ತು ನಿಂತಾಗ ಮಾತ್ರ ನೆನಪಾಗುವ ಜನರೇಟರು, ಇವೆಲ್ಲವೂ ಒಂದೇ ಕುಲದ ಯಂತ್ರಗಳು. ಒಂದರ ರೋಗವನ್ನು ಚೆನ್ನಾಗಿ ಅರಿತರೆ ಉಳಿದವುಗಳ ರೋಗವೂ ತಿಳಿಯುವುದು. ವ್ಯತ್ಯಾಸ ಒಂದುಂಟು. ಸ್ಕೂಟರು ನಡುದಾರಿಯಲ್ಲಿ ಕೆಟ್ಟರೆ ತಳ್ಳಿಕೊಂಡು ಮನೆಗೆ ಬರಬಹುದು. ನದಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ದೋಣಿಯ ಎಂಜಿನ್ನು ನಿಂತರೆ ಅದು ಪ್ರಾಣಕ್ಕೆ ಬಂದ ಸಂಕಟ. ಈ ಕಾರಣದಿಂದಲೇ ಈ ವಿಷಯವು ಕೇವಲ ಕಮ್ಮಟದವರ ವಿಷಯವಲ್ಲ.

ದೋಣಿಯ ಹಿಂಬದಿಗೆ ತಗುಲಿಸಿ, ಬೇಕಾದಾಗ ಬಿಚ್ಚಿ ತೆಗೆಯಬಹುದಾದ ಎಂಜಿನ್ನನ್ನು ಔಟ್‌ಬೋರ್ಡ್ ಎಂಜಿನ್ ಎನ್ನುವರು. ಅಮೆರಿಕದ ಮಿಲ್ವಾಕಿ ನಗರದ ಓಲೆ ಎವಿನ್‌ರೂಡ್ ಎಂಬಾತನು ೧೯೦೯ರಲ್ಲಿ ಇಂತಹ ಎಂಜಿನ್ನನ್ನು ಮಾರಾಟಕ್ಕೆ ತಂದ ಮೇಲೆ ಇದು ಜನಪ್ರಿಯವಾಯಿತು. ಆ ಸೀಮೆಯ ಸರೋವರಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುವುವು. ಆಗ ದೋಣಿಗಳನ್ನು ದಡಕ್ಕೆ ಎಳೆದು, ಎಂಜಿನ್ನುಗಳನ್ನು ಮನೆಯೊಳಗಿಟ್ಟು, ವಸಂತಕಾಲದಲ್ಲಿ ಮತ್ತೆ ಹೊರಕ್ಕೆ ತೆಗೆಯುವುದು ಅಲ್ಲಿನ ವಾಡಿಕೆ. ಅಲ್ಲಿ ಚಳಿಗಾಲವು ಮಾಡುವ ಕೆಲಸವನ್ನು ನಮ್ಮ ಪಡುಗರಾವಳಿಯಲ್ಲಿ ಮಳೆಗಾಲವು ಮಾಡುತ್ತದೆ. ಜೂನ್ ೧ರಿಂದ ಜುಲೈ ೩೧ರವರೆಗೆ, ಅಂದರೆ ೬೧ ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರ, ಹೊನ್ನಾವರ, ಗಂಗೊಳ್ಳಿ, ಮಲ್ಪೆ, ಮಂಗಳೂರುಗಳ ಬಂದರುಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುವುವು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗಳನ್ನು ಒಯ್ಯುವ ದೋಣಿಗಳೂ ಮಳೆಗಾಲದಲ್ಲಿ ಸಂಚಾರವನ್ನು ನಿಲ್ಲಿಸುವುವು. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ನಿಷೇಧದಿಂದ ವಿನಾಯಿತಿಯುಂಟಾದರೂ, ಕಡಲು ಉಗ್ರವಾದ ದಿನಗಳಲ್ಲಿ ಅವುಗಳಿಗೂ ದಡವೇ ಗತಿ.

ಸುಮ್ಮನಿರುವ ಯಂತ್ರಕ್ಕೆ ಸವೆತವಿಲ್ಲವೆಂದು ಜನರು ಭಾವಿಸುವುದುಂಟು. ಈ ಭಾವನೆ ತಪ್ಪು. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಕರಾವಳಿಯಲ್ಲಿ, ಆ ಮಳೆಯ ಬಹುಪಾಲು ಬೀಳುವ ತಿಂಗಳುಗಳಲ್ಲೇ ಎಂಜಿನ್ನು ಮುಚ್ಚಿದ ಕೊಠಡಿಯಲ್ಲಿರುತ್ತದೆ. ಗಾಳಿಯಲ್ಲಿ ತೇವವುಂಟು, ಉಪ್ಪುಂಟು. ಉಪ್ಪು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತುವಾದುದರಿಂದ ತಂತಿಗಳ ಕೂಡುಗಳಲ್ಲಿ ಹಸಿರು ಕಿಲುಬು ಹತ್ತುವುದು, ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಯುವುದು. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನ ಹಗುರವಾದ ಅಂಶವು ಆವಿಯಾಗಿ ಹೋಗಿ, ಉಳಿದ ಭಾಗವು ಅಂಟಾಗಿ ಅರಗಿನಂತೆ ಗಟ್ಟಿಯಾಗುವುದು. ಬ್ಯಾಟರಿಯು ಯಾರೂ ಬಳಸದಿದ್ದರೂ ತಾನಾಗಿಯೇ ದಿನದಿನಕ್ಕೆ ಬರಿದಾಗುವುದು. ಹೀಗೆ ವಿಶ್ರಾಂತಿಯ ಕಾಲವೇ ಎಂಜಿನ್ನಿಗೆ ರೋಗದ ಕಾಲವಾಗಿ ಪರಿಣಮಿಸುತ್ತದೆ.

ಇನ್ನು ಚಿಕಿತ್ಸೆಗೆ ಬರೋಣ. ಪೆಟ್ರೋಲಿನಿಂದ ನಡೆಯುವ ಯಾವ ಎಂಜಿನ್ನಿಗಾದರೂ ಬೇಕಾದವು ನಾಲ್ಕು: ಇಂಧನ, ಗಾಳಿ, ಇವುಗಳ ಮಿಶ್ರಣವನ್ನು ಸಿಲಿಂಡರಿನೊಳಗೆ ಅದುಮುವ ಒತ್ತಡ, ಅದುಮಿದ ಮಿಶ್ರಣವನ್ನು ತಕ್ಕ ಸಮಯಕ್ಕೆ ಹೊತ್ತಿಸುವ ಕಿಡಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೫ ಪಾಲು ಗಾಳಿ ಸೇರಿದರೆ ಮಿಶ್ರಣವು ಸರಿಯಾಗಿ ಉರಿಯುವುದು. ಈ ನಾಲ್ಕೂ ಕೂಡಿದಲ್ಲಿ ಎಂಜಿನ್ನು ನಡೆಯದೆ ಇರಲಾರದು. ಒಂದು ತಪ್ಪಿದರೂ ನಡೆಯಲಾರದು. ಆದುದರಿಂದ ಹಗ್ಗವನ್ನು ಐವತ್ತು ಸಲ ಎಳೆದು ತೋಳನ್ನು ನೋಯಿಸಿಕೊಳ್ಳುವುದಕ್ಕಿಂತ, ಈ ನಾಲ್ಕರಲ್ಲಿ ಯಾವುದು ತಪ್ಪಿದೆಯೆಂದು ಒಂದೊಂದಾಗಿ ವಿಚಾರಿಸುವುದೇ ಜಾಣತನ. ವೈದ್ಯನು ಒಂದು ಸಲಕ್ಕೆ ಒಂದು ಮದ್ದನ್ನು ಕೊಟ್ಟು ಅದರ ಗುಣವನ್ನು ನೋಡುವಂತೆ, ಇಲ್ಲಿಯೂ ಒಂದು ಸಲಕ್ಕೆ ಒಂದು ಭಾಗವನ್ನು ಮಾತ್ರ ಬದಲಾಯಿಸಿ ಪರೀಕ್ಷಿಸತಕ್ಕದ್ದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದವನಿಗೆ ಎಂಜಿನ್ನು ಹೊತ್ತಿಕೊಂಡರೂ ಅದು ಏಕೆ ಹೊತ್ತಿಕೊಂಡಿತೆಂಬುದು ತಿಳಿಯದು. ಮುಂದಿನ ವರ್ಷ ಅದೇ ಕಷ್ಟವು ಅವನನ್ನು ಮತ್ತೆ ಕಾಡುವುದು.

ಮೊದಲು ಉಪಕರಣವನ್ನು ಮುಟ್ಟದೆ ನೋಡತಕ್ಕ ಸಂಗತಿಗಳು ಕೆಲವುಂಟು. ಚಾಲಕನು ನೀರಿಗೆ ಬಿದ್ದರೆ ಎಂಜಿನ್ನು ತಾನಾಗಿ ನಿಲ್ಲಲೆಂದು ಅವನ ಕೈಗೋ ಸೊಂಟಕ್ಕೋ ಕಟ್ಟುವ ಒಂದು ಹುರಿಯಿರುತ್ತದೆ. ಅದರ ಕೊಂಡಿಯು ತನ್ನ ಗುಂಡಿಯಲ್ಲಿ ಸೇರಿರದಿದ್ದರೆ ಎಷ್ಟು ಎಳೆದರೂ ಕಿಡಿ ಹುಟ್ಟದು. ಗೇರು ನಡುಸ್ಥಾನದಲ್ಲಿರಬೇಕು, ಅನೇಕ ಎಂಜಿನ್ನುಗಳು ಗೇರಿನಲ್ಲಿರುವಾಗ ಹೊರಡದಂತೆ ರಚಿತವಾಗಿವೆ. ಇಂಧನದ ತೊಟ್ಟಿಯ ಮುಚ್ಚಳದಲ್ಲಿ ಗಾಳಿ ಆಡಲು ಒಂದು ಸಣ್ಣ ತಿರುಪು ಇರುವುದು. ಮಳೆಗಾಲದಲ್ಲಿ ಮುಚ್ಚಿಟ್ಟದ್ದನ್ನು ತೆರೆಯಲು ಮರೆತರೆ ಎಂಜಿನ್ನು ಸ್ವಲ್ಪ ಹೊತ್ತು ನಡೆದು, ತೊಟ್ಟಿಯೊಳಗೆ ಗಾಳಿಯ ಒತ್ತಡ ಕಡಮೆಯಾದೊಡನೆ ಇಂಧನ ಬಾರದೆ ನಿಂತುಬಿಡುವುದು. ಕಮ್ಮಟಕ್ಕೆ ಹೊತ್ತು ತಂದ ಎಂಜಿನ್ನಿನಲ್ಲಿ ಇಷ್ಟೇ ದೋಷವಿದ್ದರೆ ಅದಕ್ಕಿಂತ ವ್ಯರ್ಥವಾದ ಖರ್ಚು ಬೇರೊಂದಿಲ್ಲ.

ಎರಡನೆಯದಾಗಿ ಇಂಧನ. ಪೆಟ್ರೋಲು ಬಹುಕಾಲ ಇಡತಕ್ಕ ಪದಾರ್ಥವಲ್ಲ. ಈಚೆಗೆ ಅದರಲ್ಲಿ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುತ್ತಿರುವುದರಿಂದ ಈ ಮಾತಿಗೆ ಇನ್ನಷ್ಟು ಮಹತ್ತ್ವ ಬಂದಿದೆ. ನೂರಕ್ಕೆ ೨೦ ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತೆಂಬುದನ್ನು ನೀವು ಬಲ್ಲಿರಿ. ಎಥನಾಲಿಗೆ ನೀರಿನ ಮೇಲೆ ಬಹಳ ಪ್ರೀತಿ. ಪೆಟ್ರೋಲಿಗೆ ನೀರಿನೊಡನೆ ಹೊಂದಿಕೆಯಿಲ್ಲ. ಅರ್ಧ ಖಾಲಿಯಾದ ತೊಟ್ಟಿಯೊಳಗಿನ ತೇವವಾದ ಗಾಳಿಯಿಂದಲೋ ಸೋರಿ ಬಂದ ಮಳೆಹನಿಯಿಂದಲೋ ಎಥನಾಲು ನೀರನ್ನು ಹೀರುತ್ತ ಹೋಗಿ, ಒಂದು ಮಿತಿಯನ್ನು ಮೀರಿದೊಡನೆ ಪೆಟ್ರೋಲಿನ ಸಹವಾಸವನ್ನು ಬಿಟ್ಟು ನೀರಿನೊಡನೆ ಸೇರಿ ತೊಟ್ಟಿಯ ತಳಕ್ಕೆ ಇಳಿಯುವುದು. ಎಂಜಿನ್ನಿಗೆ ಇಂಧನವನ್ನು ಒಯ್ಯುವ ಕೊಳವೆಯ ಬಾಯಿಯಿರುವುದೂ ತಳದಲ್ಲಿಯೇ. ಹೀಗಾಗಿ ತೊಟ್ಟಿಯ ತುಂಬ ಪೆಟ್ರೋಲು ಕಂಡರೂ ಎಂಜಿನ್ನು ಕುಡಿಯುವುದು ನೀರು ಬೆರೆತ ಮದ್ಯಸಾರವನ್ನು. ಪರೀಕ್ಷೆ ಸುಲಭ. ತೊಟ್ಟಿಯ ತಳದಿಂದ ಸ್ವಲ್ಪ ಇಂಧನವನ್ನು ಬಿಳಿ ಗಾಜಿನ ಸೀಸೆಗೆ ತೆಗೆದು ಕಾಲು ಗಂಟೆ ಅಲುಗಿಸದೆ ಇಟ್ಟು ನೋಡಿರಿ. ಎರಡು ಪದರಗಳು ಬೇರೆಬೇರೆಯಾಗಿ ಕಂಡರೆ, ಅಥವಾ ಹಳಸಿದ ಬಣ್ಣೆಣ್ಣೆಯಂತಹ ವಾಸನೆ ಬಂದರೆ, ಆ ಇಂಧನವನ್ನು ಪೂರ್ತಿಯಾಗಿ ಬಿಡತಕ್ಕದ್ದು. ಹಳೆಯದರ ಮೇಲೆ ಹೊಸದನ್ನು ಸುರಿದು ಸರಿಪಡಿಸುವೆನೆಂಬುದು ಹುಳಿತ ಹಾಲಿಗೆ ಹೊಸ ಹಾಲನ್ನು ಬೆರೆಸಿದಂತೆಯೇ ಸರಿ. ಬಿಟ್ಟ ಇಂಧನವನ್ನು ನದಿಗೆ ಚೆಲ್ಲದೆ ಕಮ್ಮಟಕ್ಕೆ ಒಪ್ಪಿಸುವುದು ಧರ್ಮ.

ಹೊಸ ಇಂಧನವನ್ನು ತುಂಬಿದ ಮೇಲೆ ಕೊಳವೆಯ ನಡುವಿನ ರಬ್ಬರಿನ ಉಂಡೆಯನ್ನು ಹಿಚುಕಿರಿ. ಕೆಲವು ಸಲ ಹಿಚುಕುವಷ್ಟರಲ್ಲಿ ಅದು ಕಾಯಿಯಂತೆ ಗಟ್ಟಿಯಾಗಬೇಕು. ಗಟ್ಟಿಯಾಗದಿದ್ದರೆ ಕೊಳವೆಯಲ್ಲಿ ಬಿರುಕು ಬಿಟ್ಟು ಗಾಳಿ ಸೇರುತ್ತಿದೆ, ಇಲ್ಲವೆ ಉಂಡೆಯೊಳಗಿನ ಕವಾಟ ಕೆಟ್ಟಿದೆ ಎಂದು ತಿಳಿಯಬೇಕು.

ಇನ್ನು ಚೋಕನ್ನು ಎಳೆದು, ಹಗ್ಗವನ್ನು ನಾಲ್ಕಾರು ಸಲ ಸೆಳೆದು ನೋಡಿರಿ. ಆಗಲೂ ಎಂಜಿನ್ನು ಹೊರಡದಿದ್ದರೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ತೆಗೆಯುವುದು. ರೋಗಿಯ ನಾಲಗೆಯನ್ನು ನೋಡಿ ವೈದ್ಯನು ಅರ್ಧ ರೋಗವನ್ನು ಹೇಳುವಂತೆ, ಪ್ಲಗ್ಗಿನ ತುದಿಯನ್ನು ನೋಡಿ ಎಂಜಿನ್ನಿನ ಅರ್ಧ ವೃತ್ತಾಂತವನ್ನು ಹೇಳಬಹುದು. ತುದಿಯು ಒಣಗಿದ್ದರೆ ಇಂಧನವು ಸಿಲಿಂಡರನ್ನು ಮುಟ್ಟಿಯೇ ಇಲ್ಲ. ರಬ್ಬರಿನ ಉಂಡೆ ಗಟ್ಟಿಯಾಗಿದ್ದೂ ಪ್ಲಗ್ಗು ಒಣಗಿದ್ದರೆ ಅಡ್ಡಿಯಿರುವುದು ಬಹುಮಟ್ಟಿಗೆ ಕಾರ್ಬುರೇಟರಿನಲ್ಲಿ. ಮೊದಲು ಹೇಳಿದ ಆ ಅಂಟು ಅಲ್ಲಿನ ಕೂದಲೆಳೆಯಂತಹ ರಂಧ್ರಗಳನ್ನು ಮುಚ್ಚಿರುತ್ತದೆ. ಅವುಗಳನ್ನು ತಂತಿಯಿಂದ ಚುಚ್ಚಿದರೆ ರಂಧ್ರದ ಅಳತೆ ಕೆಡುವುದು. ಅದಕ್ಕೆಂದೇ ಇರುವ ದ್ರಾವಣದಿಂದ ತೊಳೆದು ಗಾಳಿಯನ್ನು ಊದಿ ಶುದ್ಧಮಾಡತಕ್ಕದ್ದು. ತುದಿಯು ಪೆಟ್ರೋಲಿನಿಂದ ನೆನೆದಿದ್ದರೆ ಇಂಧನವು ಬರುತ್ತಿದೆ, ಕಿಡಿಯಿಲ್ಲ. ಅಥವಾ ಚೋಕು ಹೆಚ್ಚಾಗಿ ಇಂಧನವು ಮಿತಿಮೀರಿ ತುಂಬಿದೆ. ಪ್ಲಗ್ಗನ್ನು ಒರಸಿ, ಚೋಕನ್ನು ಬಿಟ್ಟು, ಸಿಲಿಂಡರು ಆರುವವರೆಗೆ ಸ್ವಲ್ಪ ಹೊತ್ತು ತಾಳಿದರೆ ಈ ಎರಡನೆಯ ತೊಂದರೆ ತಾನಾಗಿ ತೀರುವುದು. ತುದಿಯಲ್ಲಿ ನೀರಿನ ಹನಿ ಕಂಡರೆ ಮಾತ್ರ ವಿಷಯವು ಗಂಭೀರ. ಅದನ್ನು ಮುಂದೆ ಹೇಳುವೆನು.

ಕಿಡಿಯ ಪರೀಕ್ಷೆಗೆ ಅಲ್ಪಬೆಲೆಯ ಪರೀಕ್ಷಕ ಸಾಧನಗಳು ದೊರೆಯುತ್ತವೆ. ಅದನ್ನು ಪ್ಲಗ್ಗಿನ ತಂತಿಗೆ ಸೇರಿಸಿ ಹಗ್ಗವನ್ನು ಎಳೆದರೆ ನೀಲಿ ಬಣ್ಣದ ಗಟ್ಟಿಯಾದ ಕಿಡಿ ಹಾರಬೇಕು. ಹಳದಿಯಾಗಿ ಬಡವಾಗಿದ್ದರೆ ಸಾಲದು. ಈ ಪರೀಕ್ಷೆಗೆ ಮೊದಲು ಚೆಲ್ಲಿದ ಪೆಟ್ರೋಲನ್ನು ಒರಸಿ, ಆವಿಯು ಚದರುವಂತೆ ಮಾಡಿ, ಪ್ಲಗ್ಗಿನ ರಂಧ್ರದಿಂದ ಕಿಡಿಯನ್ನು ದೂರವಿಡುವುದು ಅತ್ಯವಶ್ಯ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ದೋಣಿಯ ಒಡಲೊಳಗೆ ಕಣ್ಣಿಗೆ ಕಾಣದೆ ತಂಗಿರುತ್ತದೆ. ಒಂದು ಕಿಡಿಯಿಂದ ಅದು ಸಿಡಿಯಬಹುದು. ಕಿಡಿಯು ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ಗನ್ನು ಹಾಕಿ ನೋಡಬೇಕು. ಬಳಿಕ ತಂತಿಯ ಕೂಡುಗಳ ಕಿಲುಬನ್ನು ತಿಕ್ಕಿ ತೆಗೆಯಬೇಕು. ಬಹಳಷ್ಟು ತೊಂದರೆಗಳು ಇಲ್ಲಿಗೇ ಮುಗಿಯುವುವು. ಗುಂಡಿಯನ್ನು ಒತ್ತಿ ಹೊರಡಿಸುವ ಎಂಜಿನ್ನಾದರೆ ಬ್ಯಾಟರಿಯನ್ನೂ ಅಳೆಯುವುದು. ಪೂರ್ತಿಯಾಗಿ ತುಂಬಿದ ೧೨ ವೋಲ್ಟಿನ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟನ್ನು ತೋರಿಸುವುದು. ೧೨ಕ್ಕೆ ಇಳಿದಿದ್ದರೆ ಅದು ಬರಿದಾಗುತ್ತ ಬಂದಿದೆಯೆಂದೇ ಅರ್ಥ.

ಇನ್ನು ಸಿಲಿಂಡರಿನ ಒತ್ತಡ. ಹಗ್ಗವನ್ನು ಎಳೆಯುವಾಗ ಕೈಗೆ ತಡೆ ತಟ್ಟುತ್ತಿದ್ದರೆ ಒತ್ತಡವಿದೆಯೆಂದು ಸ್ಥೂಲವಾಗಿ ತಿಳಿಯಬಹುದು. ಯಾವ ತಡೆಯೂ ಇಲ್ಲದೆ ಹಗ್ಗವು ಸಲೀಸಾಗಿ ಬಂದರೆ ಪಿಸ್ಟನ್ನಿನ ಬಳೆಗಳು ಅಂಟಿಕೊಂಡಿರಬಹುದು. ಅದು ಕಮ್ಮಟದ ಕೆಲಸ. ಇದಕ್ಕೆ ವಿರುದ್ಧವಾಗಿ ಹಗ್ಗವು ಅಲುಗದೆ ಇದ್ದರೆ ಬಲವನ್ನು ಪ್ರಯೋಗಿಸಕೂಡದು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಸಿಲಿಂಡರಿನೊಳಕ್ಕೆ ನೀರು ಸೇರಿರುವ ಸಂಭವವುಂಟು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಬಲವಂತದಿಂದ ತಿರುಗಿಸಿದರೆ ಪಿಸ್ಟನ್ನಿನ ದಂಡವೇ ಬಾಗುವುದು. ಇಂತಹ ಸಮಯದಲ್ಲಿ ಪ್ಲಗ್ಗುಗಳನ್ನೆಲ್ಲ ತೆಗೆದು, ಮೆಲ್ಲನೆ ತಿರುಗಿಸಿ, ನೀರು ಹೊರಬರುವುದೇ ಎಂದು ನೋಡುವುದು. ನೀರು ಬಂದರೆ ಅದು ಎಲ್ಲಿಂದ ಬಂದಿತೆಂಬುದು ಗೊತ್ತಾಗುವವರೆಗೆ ಎಂಜಿನ್ನನ್ನು ನಡೆಸಕೂಡದು.

ದೊಡ್ಡ ಬೋಟುಗಳ ಒಳಗಿರುವ ಡೀಸೆಲ್ ಎಂಜಿನ್ನುಗಳ ವಿಚಾರ ಕೊಂಚ ಬೇರೆ. ಅವುಗಳಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೈದರಲ್ಲೊಂದು, ಇಪ್ಪತ್ತರಲ್ಲೊಂದು ಭಾಗಕ್ಕೆ ಅದುಮಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ಲು ಹೊತ್ತಿಕೊಳ್ಳುವುದು. ಆದುದರಿಂದ ಅಲ್ಲಿ ವಿಚಾರಿಸಬೇಕಾದುದು ಮುಖ್ಯವಾಗಿ ಮೂರು: ಎಂಜಿನ್ನನ್ನು ವೇಗವಾಗಿ ತಿರುಗಿಸುವಷ್ಟು ಶಕ್ತಿ ಬ್ಯಾಟರಿಯಲ್ಲಿದೆಯೇ, ಸೋಸುಕದ ಬಟ್ಟಲಿನ ತಳದಲ್ಲಿ ನೀರು ನಿಂತಿದೆಯೇ, ಇಂಧನದ ಕೊಳವೆಯೊಳಗೆ ಗಾಳಿ ಸೇರಿದೆಯೇ. ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡರೂ ಪಂಪಿನ ಒತ್ತಡವೆಲ್ಲ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಕಳೆದುಹೋಗಿ ಡೀಸೆಲ್ಲು ಮುಂದಕ್ಕೆ ಸಾಗದು. ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಯಿಲ್ಲದ ಡೀಸೆಲ್ಲು ಒಂದೇ ಧಾರೆಯಾಗಿ ಬಂದ ಮೇಲೆ ಬಿಗಿಯುವುದೇ ಇದಕ್ಕೆ ಪರಿಹಾರ.

ಎಂಜಿನ್ನು ಹೊತ್ತಿಕೊಂಡಿತೆಂದು ಭಾವಿಸೋಣ. ಹೊಗೆ ಬಂದಿತು, ಸದ್ದು ಕೇಳಿತು, ಮನೆಮಂದಿಗೆ ಸಂತೋಷವಾಯಿತು. ಆದರೆ ನನ್ನ ಅಭಿಪ್ರಾಯದಲ್ಲಿ ನಿಜವಾದ ಪರೀಕ್ಷೆ ಇನ್ನು ಮೇಲೆಯೇ. ಎಂಜಿನ್ನಿಗೆ ತಂಪು ಕೊಡುವ ನೀರನ್ನು ಮೇಲಕ್ಕೆ ಎತ್ತುವುದು ರಬ್ಬರಿನ ಎಸಳುಗಳುಳ್ಳ ಒಂದು ಸಣ್ಣ ಚಕ್ರ. ತಿಂಗಳುಗಟ್ಟಲೆ ಒಂದೇ ಕಡೆ ಬಾಗಿದ್ದ ಎಸಳುಗಳು ಬಿರುಸಾಗಿ ಮುರಿಯುವುದುಂಟು. ನೀರಿಲ್ಲದೆ ತಿರುಗಿಸಿದರಂತೂ ಅದು ಅತ್ಯಲ್ಪ ಕಾಲದಲ್ಲಿ ಸುಟ್ಟುಹೋಗುವುದು. ಆದುದರಿಂದ ದಡದಲ್ಲಿ ಪರೀಕ್ಷಿಸುವಾಗಲೂ ಎಂಜಿನ್ನಿನ ಕಾಲು ನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿರಬೇಕು; ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆಯು ಬರುತ್ತಿರುವುದನ್ನು ಕಣ್ಣಾರೆ ಕಾಣಬೇಕು. ಧಾರೆ ಕಾಣದಿದ್ದರೆ ಕೂಡಲೇ ನಿಲ್ಲಿಸುವುದು.

ಪೀಪಾಯಿಯಲ್ಲಿ ನಡೆದ ಎಂಜಿನ್ನು ಕಡಲಿನಲ್ಲಿ ನಡೆಯುವುದೆಂಬ ನಿಶ್ಚಯವಿಲ್ಲ. ಭಾರವಿಲ್ಲದೆ ತಿರುಗುವಾಗ ಬೇಕಾಗುವ ಇಂಧನ ಅತ್ಯಲ್ಪ. ಅರ್ಧ ಮುಚ್ಚಿದ ರಂಧ್ರವೂ ಅದನ್ನು ಒದಗಿಸಬಲ್ಲುದು. ಅಲೆಯನ್ನು ಎದುರಿಸಿ ಪೂರ್ಣಬಲದಿಂದ ಏರಬೇಕಾದಾಗಲೇ ಅದರ ಕೊರತೆ ಹೊರಬೀಳುವುದು. ಹೀಗೆ ಪೂರ್ಣಬಲ ಬೇಕಾಗುವ ಸ್ಥಳವೇ ಅಳಿವೆ. ಹೊನ್ನಾವರದಲ್ಲಿ ಶರಾವತಿಯೂ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯೂ, ಮಂಗಳೂರಿನಲ್ಲಿ ನೇತ್ರಾವತಿ ಗುರುಪುರ ನದಿಗಳೂ ಸಮುದ್ರವನ್ನು ಸೇರುವೆಡೆಯಲ್ಲಿ, ನದಿಯು ತಂದ ಹೂಳಿಗೂ ಕಡಲು ತಳ್ಳಿದ ಮರಳಿಗೂ ನಡುವೆ ನೀರಿನ ಆಳವು ಕಡಮೆಯಾಗುತ್ತದೆ. ಆಳ ಕಡಮೆಯಾದಲ್ಲಿ ಅಲೆಯು ಎದ್ದು ಒಡೆಯುವುದು. ಅಲ್ಲಿ ಎಂಜಿನ್ನು ನಿಂತರೆ ದೋಣಿಯ ಮೂತಿಯು ಅಲೆಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ತಿರುಗುವುದು. ಪಕ್ಕೆಗೆ ಬಡಿದ ಅಲೆಯು ದೋಣಿಯನ್ನು ಮಗುಚುವುದು. ಮಳೆ ನಿಂತ ಹೊಸತರಲ್ಲಿ ಅಳಿವೆಯ ಮರಳದಿಬ್ಬಗಳು ಹಿಂದಿನ ವರ್ಷವಿದ್ದ ಕಡೆಯಲ್ಲಿಯೇ ಇರುವುದಿಲ್ಲವಾದುದರಿಂದ ಅಪಾಯವು ಇಮ್ಮಡಿ. ಆದಕಾರಣ, ಮೊದಲ ದಿನ ನದಿಯೊಳಗೆ, ದಡಕ್ಕೆ ಸಮೀಪದಲ್ಲಿ, ಜನರನ್ನು ಕೂರಿಸಿಕೊಂಡಷ್ಟೇ ಭಾರವನ್ನು ಹೇರಿ, ಎಂಜಿನ್ನನ್ನು ಪೂರ್ಣವೇಗದಲ್ಲಿ ಅರ್ಧ ಗಂಟೆಯಾದರೂ ನಡೆಸತಕ್ಕದ್ದು. ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಹೊರಡಿಸಿ ನೋಡತಕ್ಕದ್ದು. ಈ ಎರಡರಲ್ಲಿಯೂ ತೇರ್ಗಡೆಯಾಗದ ಎಂಜಿನ್ನನ್ನು ನಂಬಿ ಅಳಿವೆಯನ್ನು ದಾಟಕೂಡದು. ನೂಲ ಹುಣ್ಣಿಮೆಯ ಸುಮಾರಿಗೆ ಕರಾವಳಿಯ ಮೀನುಗಾರರು ಸಮುದ್ರಪೂಜೆಯನ್ನು ಮಾಡಿ ಹೊಸ ಋತುವಿಗೆ ಹೊರಡುವ ಸಂಪ್ರದಾಯವುಂಟು. ಕಡಲಿಗೆ ತೋರುವ ಈ ಗೌರವದೊಡನೆ ಎಂಜಿನ್ನಿನ ಈ ಪರೀಕ್ಷೆಯೂ ಸೇರಿದರೆ ಸಂಪ್ರದಾಯಕ್ಕೆ ಲೋಪವೇನೂ ಬಾರದು.

ಕಡೆಯದಾಗಿ, ಈ ತೊಂದರೆಗಳ ಬಹುಪಾಲನ್ನು ತಪ್ಪಿಸುವ ಉಪಾಯವನ್ನು ಹೇಳಿ ಮುಗಿಸುತ್ತೇನೆ. ಅದಕ್ಕೆ ಬೇಕಾದುದು ಎಂಜಿನ್ನನ್ನು ಒಳಗಿಡುವ ದಿನದ ಒಂದು ಮಧ್ಯಾಹ್ನ. ಸಿಹಿನೀರಿನಲ್ಲಿ ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ ಒಳಗಿನ ಉಪ್ಪನ್ನು ತೊಳೆಯಿರಿ. ಸೀಮೆಎಣ್ಣೆಯಲ್ಲಿ ನಡೆಯುವ ಎಂಜಿನ್ನಾದರೆ ಕಡೆಯ ಕೆಲವು ನಿಮಿಷ ಪೆಟ್ರೋಲಿನಲ್ಲಿಯೇ ನಡೆಸಿ ನಿಲ್ಲಿಸಿರಿ. ಕಾರ್ಬುರೇಟರಿನ ಇಂಧನವನ್ನು ಪೂರ್ತಿಯಾಗಿ ಬಸಿದುಬಿಡಿರಿ. ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಣ್ಣೆಯನ್ನು ಬಿಟ್ಟು, ಹಗ್ಗವನ್ನು ಮೆಲ್ಲನೆ ಎಳೆದು, ಸಿಲಿಂಡರಿನ ಗೋಡೆಗೆ ಎಣ್ಣೆಯನ್ನು ಹಬ್ಬಿಸಿರಿ. ಗೇರಿನ ಎಣ್ಣೆಯನ್ನು ಬದಲಾಯಿಸಿರಿ. ಹಳೆಯ ಎಣ್ಣೆಯು ಹಾಲು ಬೆರೆತ ಕಾಫಿಯಂತೆ ಕಂಡರೆ ಒಳಕ್ಕೆ ನೀರು ಸೇರುತ್ತಿದೆಯೆಂದು ತಿಳಿದು ಆಗಲೇ ದುರಸ್ತಿ ಮಾಡಿಸಿರಿ. ಬ್ಯಾಟರಿಯನ್ನು ಬಿಚ್ಚಿಟ್ಟು ತಿಂಗಳಿಗೊಮ್ಮೆ ತುಂಬಿಸಿರಿ. ಎಂಜಿನ್ನನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ಬಟ್ಟೆಯನ್ನು ಹೊದಿಸಿರಿ. ಗಾಳಿಯಾಡದ ಪ್ಲಾಸ್ಟಿಕ್ ಹಾಳೆಯು ತೇವವನ್ನು ಹೊರಗಿಡುವ ಬದಲು ಒಳಗೇ ಹಿಡಿದಿಡುವುದು.

ಇಷ್ಟನ್ನು ಮಾಡಿದವನ ಎಂಜಿನ್ನು ಮಳೆ ಕಳೆದ ಮೇಲೆ ಎರಡು ಮೂರು ಎಳೆತಕ್ಕೆ ಓಗೊಡುವುದು. ಮಾಡದವನು ಈ ಭಾಷಣದಲ್ಲಿ ಹೇಳಿದ ಕ್ರಮವನ್ನು ಮೊದಲಿನಿಂದ ಹಿಡಿಯಬೇಕಾಗುವುದು. ಮುಂದಿನ ಸಲ ನೀವು ಕರಾವಳಿಗೆ ಹೋಗಿ ದ್ವೀಪವನ್ನು ನೋಡಲೆಂದು ದೋಣಿಯನ್ನು ಏರಿದಾಗ, ಎಂಜಿನ್ನಿನ ಹಿಂಬದಿಯಿಂದ ಬೀಳುವ ಆ ಸಣ್ಣ ನೀರಿನ ಧಾರೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಿ. ಅದು ಕಾಣದಿದ್ದರೆ ಚಾಲಕನನ್ನು ವಿನಯದಿಂದ ಕೇಳುವುದರಲ್ಲಿ ತಪ್ಪೇನೂ ಇಲ್ಲ.